ಎಣಿಕೆಗೆ ಬಾರದವಳು

ನನ್ನ ಸಿಟ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಬೇಕಾದಷ್ಟು ತಮಾಷೆ ನಡೆಯುತ್ತದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ನನ್ನ ಗಂಡ ಹೇಳುತ್ತಾರೆ. ಮಕ್ಕಳು ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ನಗುತ್ತಾರೆ. ಇರಲಿ. ನನ್ನದು ಹೆಚ್ಚಾಗಿ ಹಾಲು ಉಕ್ಕಿದ ಹಾಗೆ ಬಂದು ಹಾಗೆಯೇ ಇಳಿದುಹೋಗುವ ಕೋಪ. ಒಂದು ಕೋಪ ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ. ಅದನ್ನು ಇಳಿಸಿಕೊಳ್ಳಬೇಕೆಂಬ ಆಸೆಯೂ ನನಗಿಲ್ಲ.

ನಾನು ದಾದಿ. ಮಂಗಳೂರಿನ ಕಡೆಯವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಅನ್ನ ಹುಟ್ಟಿದ್ದು ನೈರೋಬಿಯಲ್ಲಿ. ಗಂಡ ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹೈರಿಡ್ಜಿನಲ್ಲಿ ಮನೆ, ಅಲ್ಲೇ ನಡೆದು ಹೋಗುವಷ್ಟು ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ವಾರ್ಡಿನ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ, ನಮ್ಮ ಚರ್ಚಿನ ಕಡೆಯಿಂದ, ಊರ ಹೊರಗಿನ ಒಂದು ನಿರಾಶ್ರಿತರ ಶಿಬಿರಕ್ಕೆ ವಾರದಲ್ಲಿ ಎರಡು ಮೂರು ಸಲ ಹೋಗುತ್ತಿದ್ದೆ. ಗರ್ಭಿಣಿಯರನ್ನು ನೋಡುವುದು, ಮಕ್ಕಳನ್ನು ತೂಗುವುದು, ಗಾಯ ತೊಳೆಯುವುದು, ಇಷ್ಟೇ. ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಪೇಟೆಗೆ, ಪೇಟೆಯಿಂದ ಇನ್ನೊಂದು ಮಟಾಟು ಹಿಡಿದು ಥಿಕಾ ರಸ್ತೆಯಲ್ಲಿ ಇಳಿದರೆ, ಮುಂದೆ ಕೆಸರಿನಲ್ಲಿ ನಡಿಗೆ.

ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ವಿಯೆಟ್ನಾಮಿನ ದೋಣಿ ಜನರ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೆವು. ಯಾವುದೋ ದ್ವೀಪದ ತಗಡಿನ ಶಿಬಿರಗಳಲ್ಲಿ ಅವರನ್ನು ತುಂಬಿಟ್ಟ ಸುದ್ದಿ ಓದಿ, ಅಯ್ಯೋ ಪಾಪ ಎಂದು ಪತ್ರಿಕೆ ಮಡಚಿಟ್ಟಿದ್ದೆವು. ದೂರದವರಿಗೆ ಅಯ್ಯೋ ಎನ್ನುವುದು ಸುಲಭ. ಈಗ ಸೊಮಾಲಿಯಾ ಹೊತ್ತಿ ಉರಿಯುತ್ತಿತ್ತು, ಅಲ್ಲಿನ ಕರಾವಳಿಯ ಜನ ದೋಣಿ ಹತ್ತಿ ನಮ್ಮ ಬಾಗಿಲಿಗೇ ಬಂದಿದ್ದರು. ನಮ್ಮ ಕನ್ನಡಿಗರ ಕೂಟದಲ್ಲಿ ಕೆಲವರಿಗೆ ಆಗ ಹತ್ತಿಕೊಂಡ ಚಿಂತೆ ಏನೆಂದರೆ, ಇನ್ನು ಮನೆಗೆಲಸದವರು ಅಗ್ಗಕ್ಕೆ ಸಿಗುತ್ತಾರೋ ಇಲ್ಲವೋ ಎಂಬುದು. ಕೂಟದವರು ಒಮ್ಮೆ ಬಟ್ಟೆ ಸಂಗ್ರಹಿಸಿ ನನ್ನ ಕೈಗೆ ಕೊಟ್ಟರು. ಪೆಟ್ಟಿಗೆ ಬಿಚ್ಚಿದರೆ ಕೊಕ್ಕೆ ಕಿತ್ತ ರವಿಕೆಗಳು, ಒಂಟಿ ಕಾಲುಚೀಲಗಳು, ಎತ್ತರದ ಹಿಮ್ಮಡಿಯ ಮದುವೆ ಚಪ್ಪಲಿಗಳು. ನನಗೆ ಮೈಯೆಲ್ಲ ಉರಿಯಿತು. ಆ ಪೆಟ್ಟಿಗೆಯನ್ನು ತಿರುಗಿ ಕೂಟದ ಕಾರ್ಯದರ್ಶಿಯ ಮನೆ ಬಾಗಿಲಲ್ಲಿಟ್ಟು ಬಂದೆ. ಆಮೇಲೆ ಕೆಲವು ತಿಂಗಳು ಆ ಮನೆಯವರು ನನ್ನ ಜೊತೆ ಮಾತು ಬಿಟ್ಟರು, ಅದು ಲಾಭವೇ ಆಯಿತು.

ಶಿಬಿರದಲ್ಲಿ ನಾನು ಹೇಳಹೊರಟ ಹೆಂಗಸು ಇದ್ದಳು. ಹೆಂಗಸು ಎಂದರೆ ನಲವತ್ತು ದಾಟಿರಬಹುದು, ನನ್ನ ವಯಸ್ಸಿನವಳೇ. ಅವಳ ಗಂಡ ಅವರ ಊರಿನಲ್ಲಿ ಚರ್ಮದ ಚಪ್ಪಲಿ ಹೊಲಿಯುತ್ತಿದ್ದವನು. ಅವಳ ಜೊತೆಗೆ ಇದ್ದದ್ದು ತುಂಬಿದ ಬಸುರಿ ಮಗಳು, ಮತ್ತು ಅಳಿಯ. ಇಡೀ ಬಳಗದಲ್ಲಿ ಉಳಿದದ್ದು ಅಷ್ಟೇ. ಅವರ ಊರಿನ ಮಾತು ಸ್ವಾಹಿಲಿಯ ಒಂದು ಬಗೆ. ನನ್ನ ಆಸ್ಪತ್ರೆಯ ಸ್ವಾಹಿಲಿ, ಅವಳ ಸಮುದ್ರದಂಡೆಯ ಸ್ವಾಹಿಲಿ ಎರಡೂ ಹೇಗೋ ಹೊಂದಿಕೊಂಡವು.

ಮಗಳನ್ನು ಪರೀಕ್ಷೆ ಮಾಡಲು ಮೊದಲ ಸಲ ಅವರ ಡೇರೆಗೆ ಹೋದಾಗ ಒಳಗೆ ಮೂಲೆಯಲ್ಲಿ ಕಾಂಗಾ ಬಟ್ಟೆಯ ಪರದೆ ಕಟ್ಟಿತ್ತು. ಕಾಂಗಾ ಎಂದರೆ ಇಲ್ಲಿನ ಹೆಂಗಸರು ಸೊಂಟಕ್ಕೂ ತಲೆಗೂ ಸುತ್ತಿಕೊಳ್ಳುವ ಹೂವಿನ ಚಿತ್ರದ ಹತ್ತಿ ಬಟ್ಟೆ. ಪರದೆಯ ಹಿಂದೆ ಯಾರೋ ಕೆಮ್ಮಿದರು. ಮಗಳು ತಗ್ಗಿದ ದನಿಯಲ್ಲಿ, ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಒಳಗೆ ಕೂತಿದ್ದಾರೆ ಎಂದಳು. ನನಗೆ ಇನ್ನೇನೂ ಹೇಳಬೇಕಾಗಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯವರು ಬ್ಯಾರಿಗಳು. ಆ ಮನೆಯ ಯಜಮಾನರು ತೀರಿಕೊಂಡಾಗ ಅವರ ಹೆಂಡತಿ ಇದ್ದತ್ ಕೂತಿದ್ದರು. ನಾಲ್ಕು ತಿಂಗಳ ಮೇಲೆ ಹತ್ತು ದಿನ. ಪರಗಂಡಸರ ಕಣ್ಣಿಗೆ ಬೀಳದೆ, ಹೊಸ್ತಿಲು ದಾಟದೆ, ಹೂವು ಅತ್ತರು ಮುಟ್ಟದೆ. ನನ್ನ ಅಮ್ಮ ಹಿತ್ತಿಲ ಬೇಲಿಯಿಂದ ಮೀನಿನ ಸಾರು ಕಳಿಸುತ್ತಿದ್ದಳು. ಅವರು ಯಾಕೆ ಹೊರಗೆ ಬರುವುದಿಲ್ಲ ಎಂದು ನಮ್ಮ ಕೇರಿಯಲ್ಲಿ ಯಾರೂ ವಾದ ಮಾಡಿದ್ದು ನನಗೆ ನೆನಪಿಲ್ಲ.

ಆ ಪರದೆಯ ಈಚೆ ಕೂತು ನಾನು ಅವಳ ಕತೆ ಕೇಳಿದ್ದು. ಅವಳು ಅಳುತ್ತಿರಲಿಲ್ಲ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳುತ್ತಿದ್ದಳು. ದೋಣಿಯಲ್ಲಿ ಕಾಲು ಮಡಚಲು ಜಾಗ ಇರಲಿಲ್ಲವಂತೆ. ದಡ ಕಂಡಿತಂತೆ, ತೆಂಗಿನ ಮರ, ಮಸೀದಿಯ ಗೋಡೆ, ಬಟ್ಟೆ ಒಗೆಯುವ ಹೆಂಗಸರು, ಎಲ್ಲ ಕಾಣುವಷ್ಟು ಹತ್ತಿರ. ಆದರೆ ಇಳಿಯಲು ಅಪ್ಪಣೆ ಸಿಗಲಿಲ್ಲ. ಯಾವನೋ ದೊಡ್ಡವನು ಯಾವನೋ ಇನ್ನೂ ದೊಡ್ಡವನನ್ನು ಕೇಳಬೇಕಿತ್ತು. ದೋಣಿ ಅಲ್ಲೇ ಲಂಗರು ಹಾಕಿ ನಿಂತಿತು. ಕುಡಿಯುವ ನೀರು ಮುಗಿಯಿತು. ಅವಳ ಗಂಡ ಸತ್ತದ್ದು ಅಲ್ಲಿ, ಬಾವಿಯಿಂದ ನೀರು ಸೇದುವವರನ್ನು ನೋಡುತ್ತ. ಹೆಣವನ್ನು ಇಳಿಸಲು ಮಾತ್ರ ಅಪ್ಪಣೆ ಬೇಗ ಸಿಕ್ಕಿತಂತೆ. ಹೆಣದ ಜೊತೆ ಉಳಿದವರೂ ಇಳಿದರು.

ಅದೊಂದು ದ್ವೀಪ. ಅಲ್ಲಿ ಚೀಲ, ಸೋಗೆ ಕಟ್ಟಿದ ಸೂರಿನಡಿ ಅವರನ್ನು ಕೆಲವು ವಾರ ಇಟ್ಟರು. ನೀರು ಉಪ್ಪು, ಮಲಗಲು ಮರಳು, ಬೆಳಗ್ಗೆ ಎದ್ದರೆ ಕೂದಲ ತುಂಬ ಏಡಿಯ ಮರಿಗಳು. ಆದರೂ ಅವಳಿಗೆ ಆ ದ್ವೀಪದ ಮೇಲೆ ದೂರಿರಲಿಲ್ಲ. ಅಲ್ಲಿನ ಬಡ ಬೆಸ್ತರು ತಮ್ಮ ಬಲೆಯ ಮೀನಿನಲ್ಲಿ ಪಾಲು ಕೊಟ್ಟರು, ಅವಳ ಗಂಡನಿಗೆ ಹೊದಿಸಲು ಬಿಳಿ ಬಟ್ಟೆ ಕೊಟ್ಟರು, ಮಣ್ಣು ಮಾಡಲು ಹೆಗಲು ಕೊಟ್ಟರು. ಅವಳು ಕೂರಲು ಒಬ್ಬ ಮುದುಕಿ ತನ್ನ ಗುಡಿಸಲಿನ ಒಂದು ಮೂಲೆಯನ್ನೇ ಬಿಟ್ಟುಕೊಟ್ಟಳು. ಅಪ್ಪಣೆ ಕೊಡುವವರು ಬೇರೆ, ಅನ್ನ ಕೊಡುವವರು ಬೇರೆ ಎಂದು ಅವಳು ಒಮ್ಮೆ ಹೇಳಿದಳು. ಈ ಮಾತು ನನಗೆ ಎಷ್ಟೋ ಸಲ ನೆನಪಾಗುತ್ತದೆ.

ಆಮೇಲೆ ದ್ವೀಪದ ಆಚೆ ದಡಕ್ಕೆ ಬಸ್ಸುಗಳು ಬಂದವು. ನೈರೋಬಿಗೆ ಹೋಗಬೇಕು, ಅಲ್ಲಿ ವಿಚಾರಣೆ, ಅಲ್ಲಿಂದ ಪರದೇಶ ಎಂದರು. ಇದ್ದತ್ತಿನಲ್ಲಿ ಇರುವವಳು ಪ್ರಯಾಣ ಮಾಡಬಾರದು. ಆದರೆ ಅಲ್ಲಿರುವ ಹಾಗೂ ಇರಲಿಲ್ಲ. ಶಿಬಿರದ ಹೆಂಗಸರು ಒಂದು ಉಪಾಯ ಹೂಡಿದರು. ನಾಲ್ವರು ನಾಲ್ಕು ಕಡೆ ಕಾಂಗಾಗಳನ್ನು ತಲೆಗಿಂತ ಎತ್ತರಕ್ಕೆ ಹಿಡಿದರು, ನಡುವೆ ಅವಳು ನಡೆದಳು. ಪುಟ್ಟ ಕೋಣೆಯೊಂದು ತಾನೇ ಕಾಲು ಬಂದು ನಡೆದಂತೆ, ದೋಣಿಯಲ್ಲಿ ದಾಟಿ, ಬಸ್ಸಿನವರೆಗೆ ಹೋಯಿತು. ಬಸ್ಸಿನೊಳಗೂ ಹಿಂದಿನ ಸೀಟಿನಲ್ಲಿ ಹಾಗೇ ಹಿಡಿದುಕೊಂಡು ಬಂದರು. ಯಾವ ಗಂಡಸೂ ಅವಳನ್ನು ನೋಡಲಿಲ್ಲ. ಇದನ್ನು ಹೇಳುವಾಗ ಮಾತ್ರ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಸಮುದ್ರದ ಜನಕ್ಕೆ ನೈರೋಬಿಯ ಜುಲೈ ಚಳಿ ಎಂದರೇನೆಂದು ಗೊತ್ತಿರಲಿಲ್ಲ. ಕಪ್ಪು ಜೇಡಿ ಕೆಸರು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಮೀನು ಅನ್ನ ತಿನ್ನುವ ಬಾಯಿಗೆ ಪರದೇಶದಿಂದ ಬಂದ ಹಳದಿ ಜೋಳದ ಹಿಟ್ಟು. ನಮ್ಮ ಕೆಲಸದವಳೇ ಅದನ್ನು ದನದ ಮೇವು ಎಂದು ಮೂಗು ಮುರಿಯುತ್ತಿದ್ದಳು. ಅಂಥಲ್ಲಿ, ಒಂದು ಮುಂಜಾವ, ಆ ಮಗಳು ಹೆತ್ತಳು. ಹೆರಿಗೆ ಮಾಡಿಸಿದ್ದು ನಾನು, ಪರದೆಯ ಒಳಗಿನಿಂದ ಕೈ ಹಿಡಿದುಕೊಂಡದ್ದು ತಾಯಿ. ಹೆಣ್ಣುಮಗು. ಗಂಡಸರು ಯಾರೂ ಹತ್ತಿರ ಸುಳಿಯದಂತೆ ಡೇರೆಯ ಬಾಗಿಲು ಕಟ್ಟಿದ್ದರಿಂದ ಪರದೆ ಸರಿಸಿದರು, ಅವತ್ತು ನಾನು ಅವಳ ಮುಖವನ್ನು ಮೊದಲ ಬಾರಿಗೆ ನೋಡಿದೆ. ಸಾಧಾರಣ ಮುಖ. ಮಗುವನ್ನು ಒರೆಸಿ ಅವಳ ಮಡಿಲಿಗೆ ಹಾಕಿದೆ. ಅವಳು ಅದರ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು.

ಮಗಳಿಗೆ ಹಾಲು ಬರಲು ತಡವಾಯಿತು, ಜ್ವರ ಬಂತು. ಮಗುವನ್ನು ನೋಡಿಕೊಂಡದ್ದೆಲ್ಲ ಅಜ್ಜಿಯೇ. ಆ ತಾಯಿ ಇಲ್ಲದಿದ್ದರೆ ಮಗಳೂ ಉಳಿಯುತ್ತಿರಲಿಲ್ಲ ಮಗುವೂ ಉಳಿಯುತ್ತಿರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಹೇಳಿದೆ ಕೂಡ.

ಅಷ್ಟರಲ್ಲಿ ಸುದ್ದಿ ಬಂತು. ಯಾವುದೋ ದೂರದ ದೇಶ ಈ ದೋಣಿ ಜನರಲ್ಲಿ ಒಂದಿಷ್ಟು ಮಂದಿಯನ್ನು ತಡಮಾಡದೆ ಕರೆಸಿಕೊಳ್ಳಲು ಒಪ್ಪಿದೆ ಎಂದು. ಕುಟುಂಬ ಕುಟುಂಬವಾಗಿ ಹೋಗಬಹುದು. ಆದರೆ ಮೊದಲು ಎಣಿಕೆ. ಗೊತ್ತಾದ ದಿನ ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು, ತಲೆ ಮುಖ ತೋರಿಸಬೇಕು, ಬೆರಳಿಗೆ ಶಾಯಿ ಹಾಕಿಸಿಕೊಳ್ಳಬೇಕು. ಯಾರು ನಿಲ್ಲಲಿಲ್ಲವೋ ಅವರು ಇಲ್ಲ. ಡೇರೆಯಲ್ಲಿ ಉಸಿರಾಡುತ್ತಿದ್ದರೂ ಇಲ್ಲ.

ಶಿಬಿರದ ಆಡಳಿತಾಧಿಕಾರಿ ನಮ್ಮವರೇ. ಮೈಸೂರಿನವರು, ಲೊರೆಶೋದಲ್ಲಿ ಮನೆ, ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು, ಆಮೇಲೆ ಒಂದು ಪರಿಹಾರ ಸಂಸ್ಥೆ ಸೇರಿ ಈ ಹುದ್ದೆಗೆ ಬಂದಿದ್ದರು. ರಾಜ್ಯೋತ್ಸವದಲ್ಲಿ ಅವರ ಭಾಷಣ ಇದ್ದೇ ಇರುತ್ತಿತ್ತು, ‘ಅತಿಥಿ ದೇವೋ ಭವ’ ಇಲ್ಲದೆ ಭಾಷಣ ಮುಗಿಯುತ್ತಿರಲಿಲ್ಲ. ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಯಾರಿಗೂ ಏಕವಚನದಲ್ಲಿ ಮಾತಾಡುತ್ತಿರಲಿಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಮೊದಲ ಎಣಿಕೆಯ ದಿನ ಅವಳು ಹೊರಗೆ ಬರಲಿಲ್ಲ. ಮಗಳು, ಅಳಿಯ, ಮಗು ಎಣಿಕೆಯಾದರು. ಅಮ್ಮ ಡೇರೆಯಲ್ಲಿದ್ದಾಳೆ, ಒಂದು ಹೆಂಗಸನ್ನು ಕಳಿಸಿ ನೋಡಿ ಎಂದು ಮಗಳು ಮೇಜಿನ ಮುಂದೆ ಬೇಡಿಕೊಂಡಳು. ಮೇಜಿನ ಹಿಂದೆ ಒಬ್ಬ ಗುಮಾಸ್ತೆ ಹುಡುಗಿಯೂ ಇದ್ದಳು, ಅವಳಿಗೆ ಎದ್ದು ಹೋಗಲು ಮನಸ್ಸೂ ಇತ್ತು. ಅಪ್ಪಣೆ ಇರಲಿಲ್ಲ. ಮೇಜಿನಿಂದ ಡೇರೆಗೆ ಒಂದು ಕೂಗಳತೆ ದೂರ.

ನಾನು ಮರುದಿನ ಅಧಿಕಾರಿಯ ಕೋಣೆಗೆ ಹೋದೆ. ಇದ್ದತ್ ಎಂದರೇನು, ಅದು ಯಾವಾಗ ಮುಗಿಯುತ್ತದೆ, ಮಗಳ ಆರೋಗ್ಯ ಹೇಗಿದೆ ಎಲ್ಲವನ್ನೂ ಸಾವಧಾನವಾಗಿ ಹೇಳಿದೆ. ನನ್ನ ಸಾವಧಾನ ನೋಡಿದ್ದರೂ ನನ್ನ ಗಂಡ ನಂಬುತ್ತಿರಲಿಲ್ಲ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು, ಟೀ ತರಿಸಿದರು. ಬಸ್ಸಿನಲ್ಲಿ ಅಷ್ಟು ದೂರ ಬಂದವಳಿಗೆ ಮೈದಾನಕ್ಕೆ ಬರಲು ಏನಡ್ಡಿ ಎಂದು ಕೇಳಿದರು. ಕಾಂಗಾ ಪರದೆಯ ವಿಷಯ ಹೇಳಿದೆ. ತಪ್ಪಿಹೋದವರಿಗಾಗಿ ಇನ್ನೊಂದು ಎಣಿಕೆ ಇದೆ, ನೋಡೋಣ ಎಂದರು. ಆ ‘ನೋಡೋಣ’ವನ್ನು ನಾನು ಒಪ್ಪಿಗೆ ಎಂದೇ ತಿಳಿದೆ. ಹೆಂಗಸರಿಗೂ ಹಾಗೆಯೇ ಹೇಳಿದೆ.

ಎರಡನೆಯ ಎಣಿಕೆಗೆ ಅವರು ತಯಾರಾದ ರೀತಿ ನೋಡಬೇಕಿತ್ತು. ಇದ್ದುದರಲ್ಲಿ ಒಳ್ಳೆಯ ಕಾಂಗಾಗಳನ್ನೇ ತಂದರು, ಹರಿದದ್ದನ್ನು ಹೊಲಿದರು. ಯಾರು ಯಾವ ಮೂಲೆ ಹಿಡಿಯಬೇಕು, ಕೆಸರಿನಲ್ಲಿ ಯಾರು ಮುಂದೆ ಕಾಲಿಡಬೇಕು, ಎಲ್ಲ ಮಾತಾಡಿಕೊಂಡರು. ಗುಮಾಸ್ತೆ ಹುಡುಗಿ ಪರದೆಯೊಳಗೆ ತಲೆ ಹಾಕಿ ಮುಖ ನೋಡುವುದು, ಶಾಯಿ ಹಾಕುವುದು, ಅಷ್ಟೇ ಎಂದು ಆ ಹುಡುಗಿಯ ಜೊತೆ ನಾನೇ ಮಾತಾಡಿದ್ದೆ. ಕೆಂಪು, ಹಳದಿ, ನೀಲಿ ಹೂವಿನ ಪುಟ್ಟ ಕೋಣೆ ಡೇರೆಗಳ ನಡುವಿನಿಂದ ಹೊರಟು ಮೈದಾನಕ್ಕೆ ಬಂತು. ಒಳಗಿಂದ ಅವಳು ಹೆಜ್ಜೆ ಹೆಜ್ಜೆಗೂ ಸಾವಕಾಶ ಎನ್ನುತ್ತಿದ್ದಳು. ಹೆಂಗಸರಲ್ಲಿ ಯಾರೋ ನಕ್ಕರು, ನಾನೂ ನಕ್ಕೆ. ಆಗುತ್ತದೆ ಎಂದು ನಮಗೆಲ್ಲ ಅನಿಸಿತ್ತು.

ಅವತ್ತು ಮೇಜಿನ ಬಳಿ ಹೊರದೇಶದ ಅತಿಥಿಗಳು ಬಂದು ನಿಂತಿದ್ದರು, ಜೊತೆಗೊಬ್ಬ ಫೋಟೋ ತೆಗೆಯುವವನು. ಅಧಿಕಾರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಪರದೆ ಹತ್ತಿರ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. ಬಟ್ಟೆ ಇಳಿಸಬೇಕು ಎಂದರು. ಒಳಗೆ ಯಾರಿದ್ದಾರೆ ಎಂದು ಎಲ್ಲರಿಗೂ ಕಾಣಬೇಕು, ಒಬ್ಬರಿಗೆ ಬಿಟ್ಟರೆ ನಾಳೆ ಪರದೆಯೊಳಗೆ ಒಬ್ಬರೇ ಹತ್ತು ಸಲ ಬರುತ್ತಾರೆ ಎಂದರು. ಗುಮಾಸ್ತೆ ಹುಡುಗಿ ಎದ್ದು ನಿಂತಿದ್ದವಳು ಮತ್ತೆ ಕೂತಳು. ಬಟ್ಟೆ ಹಿಡಿದ ಹೆಂಗಸರ ತೋಳುಗಳು ಮೇಲೆಯೇ ಇದ್ದವು. ಸುತ್ತ ಕಾವಲುಗಾರರು, ಲಾರಿ ಡ್ರೈವರುಗಳು, ಅತಿಥಿಗಳು, ಎಲ್ಲ ಗಂಡಸರು. ಫೋಟೋದವನು ಮಂಡಿಯೂರಿ ಚಿತ್ರ ತೆಗೆಯತೊಡಗಿದ.

ನಾನು ಅಧಿಕಾರಿಯ ಹತ್ತಿರ ಹೋದೆ. ಅದಕ್ಕೆ ಹಿಂದಿನ ವರ್ಷ ಅವರ ತಂದೆ ಹಾಸಿಗೆ ಹಿಡಿದಾಗ ಮನೆಗೆ ಬಂದು ಶುಶ್ರೂಷೆ ಮಾಡಿದವಳು ನಾನು. ತಂದೆ ತೀರಿಕೊಂಡ ಮೇಲೆ ತಾಯಿ ವರ್ಷ ಕಳೆಯುವವರೆಗೆ ಹೊಸ್ತಿಲು ದಾಟುವುದಿಲ್ಲ ಎಂದು ಒಳಕೋಣೆಯಲ್ಲಿ ಕೂತಿದ್ದರು. ಅವರದೊಂದು ಸಹಿ ಬೇಕಾಗಿ ಬಂದಾಗ ಈ ಮಗ ಬ್ಯಾಂಕಿನ ಮ್ಯಾನೇಜರನ್ನೇ ಲೊರೆಶೋದ ಮನೆಗೆ ಕರೆಸಿದ್ದರು. ಬಾಗಿಲ ಸಂದಿಯಿಂದ ಸಹಿ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆಗ ನನಗೆ ಆ ಮಗನ ಮೇಲೆ ಗೌರವ ಬಂದಿತ್ತು.

ಅಲ್ಲಿದ್ದ ಬೇರೆ ಯಾರಿಗೂ ಅರ್ಥವಾಗದಿರಲಿ ಎಂದು ಕನ್ನಡದಲ್ಲೇ ಕೇಳಿದೆ. “ನಿಮ್ಮ ಅಮ್ಮನಿಗೆ ಬ್ಯಾಂಕೇ ಮನೆಗೆ ಬಂತಲ್ಲ ಸರ್. ಈ ಹೆಂಗಸಿನ ಡೇರೆಗೆ ಒಂದು ಹುಡುಗಿ ಹೋಗ್ಲಿಕ್ಕೆ ಆಗುದಿಲ್ವಾ?”

ಅವರ ಮುಖ ಕೆಂಪಾಯಿತು. ಆದರೆ ದನಿ ಏರಲಿಲ್ಲ. “ನಮ್ಮನೆ ವಿಷ್ಯ ಇಲ್ಯಾಕೆ ತರ್ತೀರಾ ಸಿಸ್ಟರ್? ಇಲ್ಲಿ ಒಂದು ಪ್ರೊಸೀಜರ್ ಅಂತ ಇದೆ. ಒಬ್ರಿಗೆ ಎಕ್ಸೆಪ್ಷನ್ ಮಾಡಿದ್ರೆ ಎಲ್ರಿಗೂ ಮಾಡ್ಬೇಕಾಗತ್ತೆ.”

ಮಾಡಿ ಮತ್ತೆ, ಎಲ್ಲರಿಗೂ ಮಾಡಿ ಎಂದೆ. ಅವರು ಅತಿಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಅತಿಥಿಗಳು ತಲೆಯಾಡಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಪರದೆಯೊಳಗಿಂದ ಅವಳು, ತಿರುಗಿ ಹೋಗೋಣ ಎಂದಳು. ನಾಲ್ವರು ಹೆಂಗಸರು ತೋಳು ಇಳಿಸದೆ ತಿರುಗಿದರು. ಹೋಗುವಾಗ ಕೆಸರಿನಲ್ಲಿ ಒಬ್ಬಳು ಜಾರಿದಳು, ಆದರೂ ಕೈಯ ಬಟ್ಟೆ ಬಿಡಲಿಲ್ಲ.

ಆ ಫೋಟೋ ಆಮೇಲೆ ಒಂದು ಕ್ಯಾಲೆಂಡರಿನಲ್ಲಿ ಬಂತು. ಬಣ್ಣ ಬಣ್ಣದ ಬಟ್ಟೆಗಳು, ಎತ್ತಿದ ಕರಿ ತೋಳುಗಳು, ಮೇಲೆ ನೀಲಿ ಆಕಾಶ. ಎಷ್ಟು ಚೆನ್ನಾಗಿದೆ ಎಂದು ನೋಡಿದವರೆಲ್ಲ ಹೇಳಿದರು. ನಮ್ಮ ನರ್ಸಿಂಗ್ ಹೋಮಿಗೂ ಒಂದು ಪ್ರತಿ ಬಂದಿತ್ತು. ನಾನು ಅದನ್ನು ಗೋಡೆಯಿಂದ ತೆಗೆದು ಹರಿದು ಬುಟ್ಟಿಗೆ ಹಾಕಿದೆ. ಮೇಟ್ರನ್ ಬೈದರು, ಬೈಸಿಕೊಂಡೆ.

ನಾನು ಅಷ್ಟಕ್ಕೆ ಬಿಡಲಿಲ್ಲ. ಮಗ ಕೇಳದಿದ್ದರೆ ತಾಯಿ ಕೇಳುತ್ತಾರೆ ಎಂದುಕೊಂಡು ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಲೊರೆಶೋಕ್ಕೆ ಹೋದೆ. ವರ್ಷ ಕಳೆದು ಆ ತಾಯಿ ಈಗ ಹೊರಗೆ ಬಂದಿದ್ದರು, ಅಂಗಳದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟರು. ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು. ಗಂಡನನ್ನು ಕಳೆದುಕೊಂಡವಳು, ಕೋಣೆಯಲ್ಲಿ ಕೂತವಳು, ಇವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತದೆ? ಎಲ್ಲವನ್ನೂ ಹೇಳಿದೆ. ದೋಣಿ, ಬಾವಿ, ಮಗು, ಪರದೆ. ಅವರ ಕಣ್ಣಲ್ಲಿ ನೀರು ಬಂತು. ಒಂದು ಮಾತು ಮಗನಿಗೆ ಹೇಳಿ ಅಮ್ಮಾ ಎಂದೆ.

ಅವರು ಬತ್ತಿಯನ್ನು ತಟ್ಟೆಯಲ್ಲಿಟ್ಟರು. “ಪಾಪ ಕಣಮ್ಮ. ಆದ್ರೆ ನಮ್ಮ ಶಾಸ್ತ್ರ ಬೇರೆ, ಅವ್ರದ್ದು ಬೇರೆ. ನಮ್ಮದು ಹಿಂದಿನಿಂದ ಬಂದಿದ್ದು. ಅವರು ಊರೇ ಬಿಟ್ಟು ಬಂದೋರು, ಅಂಥೋರಿಗೆ ಇಷ್ಟೆಲ್ಲಾ ಯಾಕೆ ಬೇಕು ಹೇಳು?”

ನನ್ನ ಬಾಯಲ್ಲಿ ಕೋಡುಬಳೆ ಇತ್ತು. ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಎದ್ದು ಬಂದೆ. ನಾವೂ ಊರು ಬಿಟ್ಟು ಬಂದವರೇ ಅಲ್ಲವೇ ಎಂದು ಕೇಳಬೇಕಿತ್ತು. ಆ ಮನೆಯ ದೇವರ ಕೋಣೆ, ಬಾಳೆ ಎಲೆ, ಮಡಿ ಸೀರೆ ಎಲ್ಲ ವಿಮಾನ ಹತ್ತಿ ಬಂದದ್ದು, ದೋಣಿ ಹತ್ತಿ ಅಲ್ಲ, ಅಷ್ಟೇ ವ್ಯತ್ಯಾಸ. ವಿಮಾನದಲ್ಲಿ ಬಂದರೆ ಶಾಸ್ತ್ರ, ದೋಣಿಯಲ್ಲಿ ಬಂದರೆ ಹಟ. ದಾರಿಯುದ್ದಕ್ಕೂ ಮಟಾಟುವಿನಲ್ಲಿ ಒಬ್ಬಳೇ ಕೊಂಕಣಿಯಲ್ಲಿ ಬೈಯುತ್ತ ಬಂದೆ, ಪಕ್ಕದಲ್ಲಿ ಕೂತಿದ್ದ ಹೆಂಗಸು ‘ಪೋಲೆ, ಮಾಮಾ’, ಪಾಪ ಅಮ್ಮಾ, ಎಂದು ಸಮಾಧಾನ ಹೇಳಿದಳು. ನನಗೆ ಯಾರೋ ಸತ್ತಿದ್ದಾರೆ ಎಂದುಕೊಂಡಳೋ ಏನೋ.

ಹೊರಡುವ ದಿನ ಗೊತ್ತಾಯಿತು. ಮಗಳು ಹೋಗುವುದಿಲ್ಲ ಎಂದು ಕೂತಳು. ಅಳಿಯ ಏನು ಮಾಡಬೇಕು ತಿಳಿಯದೆ ಡೇರೆಯ ಹೊರಗೆ ಸುತ್ತುತ್ತಿದ್ದ. ಈ ಸಲ ಬಿಟ್ಟರೆ ಮತ್ತೆ ಕರೆಯುವುದಿಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದ್ದರು. ನಾನೇ ಪರದೆಯೊಳಗೆ ಹೋಗಿ, ಈಗಲಾದರೂ ಅಧಿಕಾರಿಯ ಮುಂದೆ ಮುಖ ತೋರಿಸಿಬಿಡು, ದೇವರು ಕ್ಷಮಿಸುತ್ತಾನೆ ಎಂದು ಅವಳಿಗೆ ಹೇಳಿದೆ. ಕಟ್ಟಳೆ ಮುಖ್ಯವೋ ಮಗಳು ಮುಖ್ಯವೋ ಎಂದೂ ಕೇಳಿದೆ. ಅವಳಿಗೆ ಕೋಪ ಬಂತು, ನನ್ನ ಮೇಲೆ ಬಂದ ಒಂದೇ ಕೋಪ. ಅವಳು ಹೇಳಿದ್ದರ ಸಾರ ಇಷ್ಟು: ಗಂಡನಿಗೆ ಕುಡಿಯಲು ನೀರು ಕೊಡಲಾಗಲಿಲ್ಲ, ಅವನ ಗೋರಿಯ ಹತ್ತಿರ ಕೂರಲಾಗಲಿಲ್ಲ, ಅವನು ಹೊಲಿದ ಒಂದು ಚಪ್ಪಲಿಯೂ ಉಳಿಯಲಿಲ್ಲ. ಅವನಿಗಾಗಿ ಮಾಡಲು ಈ ಕೂರುವುದೊಂದೇ ಉಳಿದಿದೆ. ಅದನ್ನೂ ಕೊಟ್ಟುಬಿಟ್ಟರೆ ಆ ದೋಣಿಯಲ್ಲಿ ಒಂದು ನಾಯಿ ಸತ್ತಿತು ಎಂದ ಹಾಗಾಗುತ್ತದೆ.

ಹೋಗು ಎಂದು ಮಗಳಿಗೆ ಅವಳೇ ಹೇಳಿದಳು. ಮಗುವಿಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ನಾನು ತಂದುಕೊಟ್ಟ ಉಲ್ಲನ್ ಟೋಪಿ ಹಾಕಿ ಕೊಟ್ಟಳು. ಬಸ್ಸು ಹೊರಟಾಗ ಡೇರೆಯ ಬಟ್ಟೆಯ ಆಚೆಯಿಂದ ಮಗಳ ಕೂಗು ಅವಳಿಗೆ ಕೇಳಿಸಿತು. ಅವಳು ಒಳಗೆ ಕೂತು ಜೋಳದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ಆ ದಿನ ನಾನು ಸಂಜೆಯವರೆಗೆ ಅವಳ ಜೊತೆ ಇದ್ದೆ.

ಕೆಲವು ವಾರ ಕಳೆದು ಅವಳ ಇದ್ದತ್ ಮುಗಿಯಿತು. ಹೆಂಗಸರು ಬಿಸಿನೀರು ಕಾಯಿಸಿ ಮೀಯಿಸಿದರು, ಯಾರೋ ಎಲ್ಲಿಂದಲೋ ಒಂದು ಹನಿ ಅತ್ತರು ತಂದರು. ಹೊಸ ಕಾಂಗಾ ಉಟ್ಟು ಅವಳು ಪರದೆ ಸರಿಸಿ, ಡೇರೆಯಿಂದ ಹೊರಗೆ ಬಂದು, ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿಕೊಂಡು ನಿಂತಳು. ಆಮೇಲೆ ಯಾರನ್ನೂ ಕೇಳದೆ ನೇರ ಮೈದಾನಕ್ಕೆ ನಡೆದಳು. ಎಣಿಕೆಯ ಸಾಲು ನಿಲ್ಲುತ್ತಿದ್ದ ಕಡೆ ಹೋಗಿ ಒಬ್ಬಳೇ ನಿಂತಳು, ಮುಖ ತೆರೆದು, ಕೈ ಮುಂದೆ ಚಾಚಿ. ಇವತ್ತು ಎಣಿಕೆ ಇಲ್ಲ ಎಂದು ಕಾವಲುಗಾರ ಹೇಳಿದ. ನಾನು ಅಧಿಕಾರಿಯ ಕೋಣೆಗೆ ಓಡಿದೆ. ಆ ಗುಂಪಿನ ಫೈಲು ಮುಚ್ಚಿದೆ, ಮೊದಲೇ ಬಂದಿದ್ದರೆ ಖಂಡಿತ ಮಾಡುತ್ತಿದ್ದೆವು ಎಂದರು. ಅವರ ಮುಖದಲ್ಲಿ ನಿಜವಾದ ವಿಷಾದವೇ ಇತ್ತು, ಅದನ್ನು ಕಂಡು ನನಗೆ ಇನ್ನಷ್ಟು ರೇಗಿತು. ಮೇಜಿನ ಮೇಲಿದ್ದ ಟೀ ಕಪ್ಪನ್ನು ಅವರ ಎದುರೇ ನೆಲಕ್ಕೆ ಒಗೆದೆ. ಇನ್ನು ಮುಂದೆ ಸಿಸ್ಟರ್ ಬರುವುದು ಬೇಡ ಎಂದು ಚರ್ಚಿಗೆ ತಿಳಿಸಿದರು.

ಆದರೂ ನಾನು ಇನ್ನೊಂದು ಸಲ ಹೋದೆ. ಶಿಬಿರವನ್ನು ಖಾಲಿ ಮಾಡಿ ಉಳಿದವರನ್ನು ಬಡಗಣ ಮರಳುಗಾಡಿನ ದೊಡ್ಡ ಶಿಬಿರಕ್ಕೆ ಸಾಗಿಸುತ್ತಾರೆ ಎಂದು ನಮ್ಮ ಪಾದ್ರಿ ಹೇಳಿದ್ದರು. ಬೇಲಿಯ ಹೊರಗೆ ನಿಂತರೂ ಸರಿ ಎಂದು ಹೊರಟೆ, ಗುರುತಿನ ಕಾವಲುಗಾರ ಮುಖ ತಿರುಗಿಸಿ ಒಳಗೆ ಬಿಟ್ಟ. ಲಾರಿಗಳು ಸಾಲಾಗಿ ನಿಂತಿದ್ದವು. ಅವಳು ಡೇರೆಯಲ್ಲೇ ಇದ್ದಳು, ಗಂಟು ಕಟ್ಟಿಕೊಂಡು.

ಸ್ವಲ್ಪ ಹೊತ್ತಿಗೆ ಹೊರಗಿಂದ ಒಂದು ಹೆಣ್ಣುದನಿ ‘ಹೋಡಿ’ ಎಂದಿತು. ಒಳಗೆ ಬರಲೇ ಎಂದು ಬಾಗಿಲಲ್ಲಿ ನಿಂತು ಕೇಳುವ ಮರ್ಯಾದೆ ಅದು. ಬಂದವಳು ಅದೇ ಗುಮಾಸ್ತೆ ಹುಡುಗಿ, ಅವಳ ಹಿಂದೆ ಆಡಳಿತಾಧಿಕಾರಿ. ಲಾರಿಗೆ ಎಷ್ಟು ಜನ ಎಂದು ಎಣಿಸುವುದಕ್ಕೆ ಡೇರೆ ಡೇರೆಗೆ ಬರುತ್ತಿದ್ದರು. ಪಕ್ಕದ ಡೇರೆಯಲ್ಲಿ ಜ್ವರದ ಮುದುಕನನ್ನು ಮಲಗಿದ ಕಡೆಯೇ ಎಣಿಸಿದ್ದರು. ಹೆಂಗಸರು ಬಟ್ಟೆ ಬದಲಿಸುತ್ತಿದ್ದ ಕಡೆ ಹುಡುಗಿಯೊಬ್ಬಳೇ ಒಳಗೆ ಹೋಗಿ ನೋಡಿ ಬಂದಿದ್ದಳು. ಯಾರೂ ಮೈದಾನಕ್ಕೆ ಹೋಗಬೇಕಾಗಲಿಲ್ಲ, ಯಾರ ಬೆರಳಿಗೂ ಶಾಯಿ ಬೇಕಾಗಲಿಲ್ಲ. ಅಧಿಕಾರಿ ನನ್ನನ್ನು ನೋಡಿದರು. ಅವರ ಬೂಟು ಕೆಸರಾಗಿತ್ತು.

ಅವಳು ಗಂಟನ್ನು ತೊಡೆಯ ಮೇಲಿಂದ ಇಳಿಸಿ ಎದ್ದು ನಿಂತಳು. ಹುಡುಗಿಯನ್ನು ನೋಡಲಿಲ್ಲ, ಅವಳ ತಲೆಯ ಮೇಲಿಂದ ಅಧಿಕಾರಿಯನ್ನೇ ನೋಡಿದಳು.

“ಹಾಗಾದರೆ ಈ ಡೇರೆಗೆ ದಾರಿ ಇತ್ತು” ಎಂದಳು.

ಹುಡುಗಿ ತಲೆ ತಗ್ಗಿಸಿದಳು. ಅಧಿಕಾರಿ ಸ್ವಾಹಿಲಿ ಬಲ್ಲವರು. ಒಂದು ಎಂದು ಬರೆಸಿ, ಮುಂದಿನ ಡೇರೆಗೆ ಹೋದರು.